ಸ್ಲ್ಯಾಶ್ ಕಾರ್ಡ್: ಗೆರೆಯ ಬಲಕ್ಕಿರುವ ಸ್ವರವನ್ನು ಬಿಡಬೇಡಿ

ಹಾಡಿನ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬರೆದ ಚಾರ್ಟಿನಲ್ಲಿ ಡಿ/ಎಫ್♯ (ಎಫ್ ಶಾರ್ಪ್) ಎಂಬ ಸ್ಲ್ಯಾಶ್ ಕಾರ್ಡ್ ಇದ್ದರೂ ಬಹಳ ಜನ ಬರೀ ಡಿ ನುಡಿಸಿ ಮುಂದೆ ಹೋಗುತ್ತಾರೆ. ಅಪಸ್ವರ ಕೇಳಿಸದ ಕಾರಣ ಏನೋ ಬಿಟ್ಟುಹೋಗಿದೆ ಎಂಬುದೂ ತಿಳಿಯುವುದಿಲ್ಲ.

ಗೆರೆಯ ಎಡಕ್ಕಿರುವುದು ಕಾರ್ಡ್. ಬಲಕ್ಕಿರುವುದು ಒಂದೇ ಸ್ವರ, ಎಲ್ಲಕ್ಕಿಂತ ಕೆಳಗೆ ಕೇಳಿಸಬೇಕಾದ ಬೇಸ್. (ಸಿ6/9 ಈ ಜಾತಿಯದಲ್ಲ, ಅಲ್ಲಿ ಬೇಸ್ ಸಿ ಆಗಿಯೇ ಇರುತ್ತದೆ.)

ಜಿ – ಡಿ/ಎಫ್♯ – ಇ ಮೈನರ್ ತೆಗೆದುಕೊಳ್ಳಿ. ಬೇಸ್ ಸ್ವರಗಳನ್ನಷ್ಟೇ ಓದಿದರೆ ಜಿ, ಎಫ್♯, ಇ: ಒಂದರ ಕೆಳಗೊಂದು ಇಳಿಯುತ್ತವೆ. ಗಿಟಾರಿನಲ್ಲಿ ಬರೀ ಡಿ ಹಿಡಿದರೆ ಬೇಸ್ ಆರನೇ ತಂತಿಯಿಂದ ನಾಲ್ಕನೆಯದಕ್ಕೆ ನೆಗೆದು ಮತ್ತೆ ಕೆಳಕ್ಕೆ ಬೀಳುತ್ತದೆ. ಹಾಗಾಗಿ ಸ್ಲ್ಯಾಶ್ ಕಾರ್ಡನ್ನು ಒಂಟಿಯಾಗಿ ನೋಡಬೇಡಿ. ಹಿಂದಿನ, ಮುಂದಿನ ಕಾರ್ಡುಗಳ ಬೇಸನ್ನೂ ಸೇರಿಸಿ ಓದಿ.

ಡಿ/ಎಫ್♯ ಹಿಡಿಯಲು ಮಾಮೂಲಿ ಡಿ ಇಟ್ಟುಕೊಂಡು ಹೆಬ್ಬೆರಳನ್ನು ಕುತ್ತಿಗೆಯ ಮೇಲಿಂದ ತಂದು ಆರನೇ ತಂತಿಯ 2ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಯ ಮನೆ) ಒತ್ತಬೇಕು. ಹೆಬ್ಬೆರಳ ತುದಿ ಐದನೇ ತಂತಿಗೆ ತಾಗಿ ಅದು ಮ್ಯೂಟ್ ಆದರೆ ಒಳ್ಳೆಯದೇ. ಅಲ್ಲಿನ ಎ ಸ್ವರ ಡಿ ಕಾರ್ಡಿನದೇ ಆದರೂ ಎಫ್♯ಗೆ ತೀರ ಹತ್ತಿರ ಮೊಳಗಿ ಬೇಸ್ ಮಸುಕಾಗುತ್ತದೆ. ಕೈ ಚಿಕ್ಕದಿದ್ದರೆ ಆರನೇ ತಂತಿಗೆ ತೋರುಬೆರಳು, ಮೂರನೆಯದರ 2ನೇ ಫ್ರೆಟ್‌ಗೆ ಮಧ್ಯದ ಬೆರಳು, ಎರಡನೆಯದರ 3ನೇ ಫ್ರೆಟ್‌ಗೆ ಉಂಗುರ ಬೆರಳು. ಒಂದನೇ ತಂತಿ ಬಿಟ್ಟುಬಿಡಿ. ಅಲ್ಲಿದ್ದ ಎಫ್♯ ಹೇಗೂ ಬೇಸಿನಲ್ಲಿದೆ.

ಕೀಬೋರ್ಡಿನಲ್ಲಿ ಇದು ಸಲೀಸು: ಎಡಗೈಗೆ ಬೇಸ್, ಬಲಗೈಗೆ ಕಾರ್ಡ್. ಸಿ – ಜಿ/ಬಿ – ಎ ಮೈನರ್‌ನಲ್ಲಿ ಎಡಗೈ ಸಿ, ಬಿ, ಎ ಎಂದು ಇಳಿಯಲಿ. ಜಿ/ಬಿಗೆ ಬಲಗೈಯಲ್ಲಿ ಬಿ ಬಿಟ್ಟು ಜಿ, ಡಿ ಮಾತ್ರ ಹಿಡಿದು ನೋಡಿ, ಧ್ವನಿ ಎಷ್ಟೋ ತಿಳಿಯಾಗುತ್ತದೆ. ಆಟೋ ರಿದಮ್ (ಎಡಗೈಯ ಕಾರ್ಡ್ ಗುರುತಿಸಿ ಯಂತ್ರವೇ ನುಡಿಸುವ ಪಕ್ಕವಾದ್ಯ) ಹಾಕಿ ನುಡಿಸುವವರಿಗೆ ಮಾತ್ರ ಒಂದು ತೊಡಕಿದೆ. ಕಾರ್ಡಿನ ಸ್ವರಗಳನ್ನೆಲ್ಲ ಒತ್ತುವ ಮಾಮೂಲಿ ಫಿಂಗರ್ಡ್ ಮೋಡಿನಲ್ಲಿ ಸಿ/ಇಗಾಗಿ ಇ-ಜಿ-ಸಿ ಒತ್ತಿದರೂ ಯಂತ್ರ ಅದನ್ನು ಸಿ ಎಂದೇ ಹಿಡಿದು ಬೇಸಿನಲ್ಲಿ ಸಿ ನುಡಿಸುತ್ತದೆ. ಯಮಹಾ ಅರೇಂಜರ್‌ಗಳಲ್ಲಿ (ಆಟೋ ರಿದಮ್ ಇರುವ ಕೀಬೋರ್ಡುಗಳಲ್ಲಿ) ‘ಫಿಂಗರ್ಡ್ ಆನ್ ಬೇಸ್’ ಆಯ್ದುಕೊಂಡರೆ ನೀವು ಒತ್ತಿದ ಅತಿ ಕೆಳಗಿನ ಸ್ವರವೇ ಬೇಸ್ ಆಗುತ್ತದೆ, ಸಿ/ಇ ಸರಿಯಾಗಿ ಬರುತ್ತದೆ.

ಬೇಸ್ ಸ್ವರ ಕಾರ್ಡಿನ ಹೊರಗಿನದೂ ಆಗಿರಬಹುದು. ಎಫ್/ಜಿಯಲ್ಲಿ ಎಫ್, ಎ, ಸಿ ಕೆಳಗೆ ಜಿ ಬರುತ್ತದೆ. ಕೇಳಲು ಅದು ಜಿ ಸಸ್‌ನಂತೆ (ಮೂರನೇ ಸ್ವರದ ಬದಲು ನಾಲ್ಕನೆಯದನ್ನಿಟ್ಟ ಜಿ ಕಾರ್ಡಿನಂತೆ), ಸಿಗೆ ಮರಳುವ ಮೊದಲು ತಡೆದು ನಿಲ್ಲಿಸುತ್ತದೆ. ನನಗೆ ಸ್ಲ್ಯಾಶ್ ಕಾರ್ಡುಗಳಲ್ಲೆಲ್ಲ ಇದೇ ಅಚ್ಚುಮೆಚ್ಚು. ಇಲ್ಲಿ ಜಿ ಬಿಟ್ಟರೆ ಆ ತಡೆಯ ಬಿಗಿಯೇ ಇರುವುದಿಲ್ಲ.

ಶ್ರುತಿ ಬದಲಿಸುವಾಗ ಗೆರೆಯ ಎರಡೂ ಬದಿ ಸರಿಯಬೇಕು: ಡಿ/ಎಫ್♯ ಎರಡು ಫ್ರೆಟ್ ಮೇಲೇರಿದರೆ ಇ/ಜಿ♯. ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್ಟಿನಲ್ಲಿ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿದ ಗಿಟಾರಿಸ್ಟ್ ತನ್ನ ಹಿಡಿತದ ಹೆಸರನ್ನೇ ಬೇಸ್ ನುಡಿಸುವವರಿಗೆ ಕೂಗಿ ಹೇಳಿದಾಗ ಎಡವಟ್ಟಾಗುವುದು ಇಲ್ಲೇ. ಕೇಪೋ 2ನೇ ಫ್ರೆಟ್ಟಿನಲ್ಲಿದ್ದು ಹಿಡಿತ ಡಿ/ಎಫ್♯ ಆಗಿದ್ದರೆ ಅವರಿಗೆ ಹೇಳಬೇಕಾದದ್ದು ಜಿ♯.