ತಾಳಮದ್ದಳೆಯ ಎಂಟು ಟ್ರ್ಯಾಕ್, ಆರ್ಡರ್‌ನ ಸೋರ್ಸ್ ಕೋಡ್

ಆಷಾಢ ಬಂತೆಂದರೆ ಕರಾವಳಿಯ ತಾಳಮದ್ದಳೆ ಕಲಾವಿದರು ಮುಂಬಯಿ ಕಡೆ ಹೊರಡುತ್ತಾರೆ. ಊರಲ್ಲಿ ಮಳೆಗೆ ಬಯಲಾಟ ನಿಂತಿರುತ್ತದೆ, ಮುಂಬಯಿಯಲ್ಲಿ ಸಭಾಗೃಹ ಸಿಗುತ್ತದೆ. ಮಾಟುಂಗದಲ್ಲಿ ಹಾಗೆ ನಡೆದ ಒಂದು ಕೂಟದ ಧ್ವನಿಮುದ್ರಣ ಎಂಟು ಟ್ರ್ಯಾಕ್‌ಗಳಲ್ಲಿ ಕೈಗೆ ಬಂದಿತ್ತು. ಭಾಗವತರಿಗೊಂದು ಮೈಕು, ಮದ್ದಳೆಯ ಎರಡು ಮುಖಕ್ಕೆ ಎರಡು, ಚೆಂಡೆಗೊಂದು, ಪಾತ್ರಗಳ ಮಾತು ಆಡುವ ಅರ್ಥಧಾರಿಗಳಿಗೆ ನಾಲ್ಕು. ಮುಲುಂಡಿನ ಮನೆಯಲ್ಲಿ, ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕಿನ ಭಾನುವಾರ, ಅದನ್ನು ಕತ್ತರಿಸಿ ಜೋಡಿಸಲು ಕುಳಿತದ್ದು.

ತಾಳಮದ್ದಳೆಯ ಮುದ್ರಣದಲ್ಲಿ ಒಂದು ತೊಡಕಿದೆ. ಚೆಂಡೆ ತನ್ನ ಮೈಕಿನಲ್ಲಿ ಮಾತ್ರ ಇರುವುದಿಲ್ಲ, ಎಂಟೂ ಮೈಕುಗಳಿಗೆ ನುಗ್ಗಿರುತ್ತದೆ. ಸದ್ದು ಒಂದು ಮೀಟರು ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಹಾಗಾಗಿ ಪ್ರತಿ ಮೈಕಿಗೂ ಅದು ಬೇರೆ ಬೇರೆ ಹೊತ್ತಿಗೆ ಮುಟ್ಟಿರುತ್ತದೆ. ಆ ಅಂತರ ಹಾಗೇ ಉಳಿದರೆ ಕಿವಿಗೆ ಸಭಾಗೃಹ ಕೇಳುತ್ತದೆ. ಒಂದು ಟ್ರ್ಯಾಕ್ ಮೂವತ್ತು ನಲವತ್ತು ಮಿಲಿಸೆಕೆಂಡು ಸರಿದರೂ ಒಂದು ಪೆಟ್ಟು ಎರಡಾಗಿ ಕೇಳುತ್ತದೆ, ಇನ್ನೂ ಕಡಿಮೆ ಸರಿದರೆ ನಾದ ಟೊಳ್ಳಾಗುತ್ತದೆ. ಆದ್ದರಿಂದ ಯಾವ ತುಂಡನ್ನು ಎತ್ತಿದರೂ ಎಂಟನ್ನೂ ಒಟ್ಟಿಗೇ ಎತ್ತಬೇಕು. ಧ್ವನಿ ಮುದ್ರಿಸಿ, ಕತ್ತರಿಸಿ, ಜೋಡಿಸುವ ಆರ್ಡರ್ (Ardour) ಎಂಬ ಮುಕ್ತ ತಂತ್ರಾಂಶದಲ್ಲಿ ಟ್ರ್ಯಾಕ್‌ಗಳ ಗುಂಪು ಮೊದಲಿಂದಲೂ ಇತ್ತು. ಬೇಕಾದ ತುಂಡುಗಳನ್ನಷ್ಟೇ ಗುಂಪು ಕಟ್ಟುವ ಸೌಲಭ್ಯ ಬಂದದ್ದು 8ನೇ ಆವೃತ್ತಿಯಲ್ಲಿ. ಲ್ಯಾಪ್‌ಟಾಪಿನಲ್ಲಿದ್ದ ಡೆಬಿಯನ್ 12 ಎಂಬ ಲಿನಕ್ಸ್ ತನ್ನ ಭಂಡಾರದಿಂದ ಕೊಡುವುದು 7ನೆಯದನ್ನು. ಹೊಸತು ಬೇಕಾದರೆ ಸೋರ್ಸ್‌ನಿಂದ, ಅಂದರೆ ಬರೆದಿಟ್ಟ ಮೂಲ ಕೋಡಿನಿಂದ, ನಾವೇ ಕಟ್ಟಿಕೊಳ್ಳಬೇಕು.

ಆರ್ಡರ್‌ನ ಜಾಲತಾಣದಲ್ಲಿ ಸಿದ್ಧ ಕಡತವೂ ಸಿಗುತ್ತದೆ, ಅದಕ್ಕೆ ಹಣ ಕೊಡಬೇಕು. ಪುಕ್ಕಟೆ ಸಿಗುವ ಮಾದರಿ ಸ್ವಲ್ಪ ಹೊತ್ತಿನ ನಂತರ ಸದ್ದು ನಿಲ್ಲಿಸುತ್ತದೆ. ಆರ್ಡರ್ ಶುರುಮಾಡಿದ ಪಾಲ್ ಡೇವಿಸ್ ಮತ್ತು ಜೊತೆಗಾರರು ವರ್ಷಾನುಗಟ್ಟಲೆ ಇದರಲ್ಲಿ ದುಡಿದಿದ್ದಾರೆ. ಕೈಲಾದವರು ಹಣ ಕೊಡುವುದೇ ಸರಿ. ಸೋರ್ಸ್ ಮಾತ್ರ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ತೆರೆದಿದೆ.

ಮೊದಲ ತಪ್ಪು ಇಳಿಸಿಕೊಳ್ಳುವಾಗಲೇ ಆಯಿತು. ಮಳೆಗೆ ನೆಟ್ ನಿಧಾನವಿತ್ತು. ಬಳಗದ ಹುಡುಗ, ಕೋಡನ್ನು ಅದರ ಬದಲಾವಣೆಗಳ ಇತಿಹಾಸದೊಡನೆ ಇಳಿಸಿಕೊಡುವ ಗಿಟ್ ಕ್ಲೋನ್‌ಗೆ 'ಡೆಪ್ತ್ 1' ಎಂದು ಸೇರಿಸಿ ಇತಿಹಾಸವಿಲ್ಲದ ತೆಳು ಪ್ರತಿಯನ್ನು ತಂದ. ಬೇರೆ ತಂತ್ರಾಂಶಗಳಿಗೆ ಇದು ನಡೆಯುತ್ತದೆ, ಆರ್ಡರ್‌ಗೆ ನಡೆಯುವುದಿಲ್ಲ. ತಾನು ಯಾವ ಆವೃತ್ತಿ ಎಂಬುದನ್ನು ಅದು 'ಗಿಟ್ ಡಿಸ್ಕ್ರೈಬ್' ಮೂಲಕ ಟ್ಯಾಗ್‌ಗಳಿಂದ ಓದಿಕೊಳ್ಳುತ್ತದೆ. ಆವೃತ್ತಿಯ ಗುರುತಾದ ಈ ಟ್ಯಾಗ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಗಿಟ್‌ಹಬ್‌ನ ಜಿಪ್ ಇಳಿಸಿಕೊಂಡವರಿಗೂ ಇದೇ ಗತಿ. ತಂದದ್ದನ್ನು ಅಳಿಸಬೇಕಾಗಿಲ್ಲ. 'ಗಿಟ್ ಫೆಚ್'ಗೆ 'ಅನ್‌ಶಾಲೋ' ಮತ್ತು 'ಟ್ಯಾಗ್ಸ್' ಎರಡನ್ನೂ ಕೊಟ್ಟರೆ ಉಳಿದ ಇತಿಹಾಸ ಬಂದು ಸೇರುತ್ತದೆ. ಆಮೇಲೆ 8.12ರ ಟ್ಯಾಗ್‌ಗೆ ಚೆಕ್‌ಔಟ್ ಮಾಡಬೇಕು. ಮುಖ್ಯ ಶಾಖೆಯಲ್ಲೇ ಉಳಿದರೆ ಇನ್ನೂ ಹದಕ್ಕೆ ಬರದ ಕೋಡ್ ಸಿಗುತ್ತದೆ, ಕೂಟದ ಮುದ್ರಣವನ್ನು ಅದರ ಕೈಗೆ ಕೊಡಬಾರದು. ಡಿಸ್ಕಿನಲ್ಲಿ 10 ಜಿಬಿ ಖಾಲಿ ಇಟ್ಟುಕೊಂಡರೆ ನಿಶ್ಚಿಂತೆ.

ಆರ್ಡರ್ ಕಟ್ಟುವ ಸಾಧನದ ಹೆಸರು ವಾಫ್. ಸೋರ್ಸ್ ಫೋಲ್ಡರಿನಲ್ಲೇ ಇರುವ ಪೈಥಾನ್ ಕಡತ ಅದು. 'ವಾಫ್ ಕಾನ್ಫಿಗರ್' ಎಂದರೆ ಬೇಕಾದ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕುತ್ತಾ ಸಾಲು ಸಾಲಾಗಿ ಇದೆ, ಇಲ್ಲ ಎಂದು ಬರೆಯುತ್ತದೆ. ಜೊತೆಗೆ 'ಆಪ್ಟಿಮೈಜ್' ಎಂದು ಕೊಡಲೇಬೇಕು. ಕೊಡದಿದ್ದರೆ ದೋಷ ಹುಡುಕುವವರಿಗೆಂದು ಇರುವ ನಿಧಾನದ ಪ್ರತಿ ಸಿದ್ಧವಾಗುತ್ತದೆ. 'ಪ್ರಿಫಿಕ್ಸ್' ಜಾಗದಲ್ಲಿ ಹೋಮ್ ಫೋಲ್ಡರಿನ ಒಳಗೆ ಒಂದು ಹೊಸ ಫೋಲ್ಡರಿನ ಹೆಸರು ಕೊಟ್ಟೆವು. ಹಾಗೆ ಮಾಡಿದರೆ ಡೆಬಿಯನ್‌ನ 7ನೇ ಆವೃತ್ತಿಗೆ ಧಕ್ಕೆಯಿಲ್ಲ, ಬೇಡವಾದ ದಿನ ಆ ಫೋಲ್ಡರ್ ಅಳಿಸಿದರೆ ಸಾಕು.

ಕಾನ್ಫಿಗರ್ ನಿಂತದ್ದು ಲಿಬ್‌ಲೋ ಹತ್ತಿರ. ಫೋನು, ಟ್ಯಾಬ್‌ಗಳಿಂದ ಆರ್ಡರ್‌ಗೆ ಒಎಸ್‌ಸಿ ಎಂಬ ಬಗೆಯ ನಿಯಂತ್ರಣ ಸಂದೇಶ ಕಳಿಸಲು ಬೇಕಾದ ಪುಟ್ಟ ಲೈಬ್ರರಿ ಅದು.

"ಅದನ್ನು ಹಾಕಿದ್ದೇನಲ್ಲ ಅಣ್ಣ, ಲಿಬ್‌ಲೋ 7 ಅಂತ ಉಂಟು ನೋಡಿ" ಎಂದ ಹುಡುಗ.

ಉಂಟು ನಿಜ. ಆದರೆ ಅದು ಸಿದ್ಧ ತಂತ್ರಾಂಶ ಓಡಲು ಬೇಕಾದ ಭಾಗ ಮಾತ್ರ. ಕಟ್ಟಲು ಬೇಕಾದ ಹೆಡರ್ ಕಡತಗಳು ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜಿನಲ್ಲಿರುತ್ತವೆ, ಅದರ ಹೆಸರಿನ ಕೊನೆಗೆ 'ಡೆವ್' ಎಂದಿರುತ್ತದೆ. 'ಬಿಲ್ಡ್' ಫೋಲ್ಡರಿನೊಳಗಿನ ಕಾನ್ಫಿಗ್ ಲಾಗ್ ತೆರೆದಾಗ ವಿಷಯ ಸ್ಪಷ್ಟವಾಯಿತು. ಪರದೆಯ ಮೇಲೆ ಬರೀ 'ಸಿಗಲಿಲ್ಲ' ಎಂದಿದ್ದರೆ, ಲಾಗ್‌ನಲ್ಲಿ ಪ್ಯಾಕೇಜ್‌-ಕಾನ್ಫಿಗ್ ಎಂಬ ಲೈಬ್ರರಿ ಹುಡುಕುವ ಸಾಧನ ಯಾವ ಕಡತವನ್ನು ಹುಡುಕಿತೆಂದೇ ಇತ್ತು: ಲಿಬ್‌ಲೋ ಡಾಟ್ ಪಿಸಿ. ಈ 'ಪಿಸಿ' ಕಡತದೊಳಗೆ ಲೈಬ್ರರಿ ಎಲ್ಲಿದೆ, ಹೆಡರ್ ಎಲ್ಲಿದೆ, ಆವೃತ್ತಿ ಯಾವುದು ಎಂಬ ಕೆಲವೇ ಸಾಲುಗಳಿರುತ್ತವೆ. ಅದು ಬರುವುದು ಡೆವ್ ಪ್ಯಾಕೇಜಿನ ಜೊತೆಗೇ. ಯಾವುದಾದರೂ ಲೈಬ್ರರಿಯನ್ನು ಕೈಯಾರೆ ಕಟ್ಟಿ ಬೇರೆ ಜಾಗದಲ್ಲಿ ಇಟ್ಟಿದ್ದರೆ ಆ ಜಾಗವನ್ನು ಪಿಕೆಜಿ ಕಾನ್ಫಿಗ್ ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳಬೇಕಾಗುತ್ತದೆ. ಎಫ್‌ಎಫ್‌ಟಿಡಬ್ಲ್ಯು ಎಂಬ ಲೆಕ್ಕದ ಲೈಬ್ರರಿಯನ್ನು ಕೈಯಾರೆ ಕಟ್ಟುವವರು ಇನ್ನೊಂದು ನೆನಪಿಡಬೇಕು. ಆರ್ಡರ್‌ಗೆ ಬೇಕಾದದ್ದು ಅದರ ಸಿಂಗಲ್ ಪ್ರಿಸಿಷನ್ ರೂಪ. 'ಎನೇಬಲ್ ಫ್ಲೋಟ್' ಎಂದು ಕೊಡದೆ ಕಟ್ಟಿದರೆ ಲೈಬ್ರರಿ ಇದ್ದೂ ಇಲ್ಲ ಎಂದೇ ಬರುತ್ತದೆ.

ಒಂದೊಂದೇ ಹೆಸರು ಹುಡುಕಿ ಹಾಕುವುದಕ್ಕಿಂತ ನೇರ ದಾರಿ 'ಆಪ್ಟ್ ಬಿಲ್ಡ್‌-ಡೆಪ್ ಆರ್ಡರ್'. ಡೆಬಿಯನ್ ತನ್ನ 7ನೇ ಆವೃತ್ತಿ ಕಟ್ಟಲು ಬಳಸಿದ ಅಷ್ಟೂ ಡೆವ್ ಪ್ಯಾಕೇಜುಗಳನ್ನು ಅದು ಒಟ್ಟಿಗೇ ತರುತ್ತದೆ. ಸೋರ್ಸಸ್ ಪಟ್ಟಿಯಲ್ಲಿ 'ಡೆಬ್‌-ಎಸ್‌ಆರ್‌ಸಿ' ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಇದ್ದರೆ ತೆಗೆದು, ಒಮ್ಮೆ ಅಪ್‌ಡೇಟ್ ಮಾಡಿ ಆಮೇಲೆ ಇದನ್ನು ಕೊಡಬೇಕು. ಅದಾದ ಮೇಲೆ ಕಾನ್ಫಿಗರ್ ಕೊನೆಯವರೆಗೂ ಓಡಿತು.

ಊಟದ ಹೊತ್ತಿಗೆ 'ವಾಫ್' ಎಂದು ಕೊಟ್ಟು ಎದ್ದೆವು. ಕುಚ್ಚಲಕ್ಕಿ ಗಂಜಿ ಮುಗಿಸಿ ಬಂದರೆ ಪರದೆ ತುಂಬ ಕೆಂಪು ಅಕ್ಷರ.

"ಎಂತ ಆಯ್ತು ಅಣ್ಣ, ನಿಂತೇ ಹೋಯ್ತಲ್ಲ?"

"ಅದಾಗಿ ನಿಂತದ್ದಲ್ಲ ಮಾರಾಯ, ಕರ್ನೆಲ್ ನಿಲ್ಲಿಸಿದ್ದು."

ಕೊನೆಯ ಸಾಲಿನಲ್ಲಿ ಬಿಲ್ಡ್ ಆಗಲಿಲ್ಲ ಎಂದಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮೇಲಕ್ಕೆ ಸರಿಸುತ್ತಾ ಹೋಗಿ ಮೊಟ್ಟಮೊದಲ ತಪ್ಪು ಎಲ್ಲಿದೆ ನೋಡಬೇಕು. ಅಲ್ಲಿದ್ದದ್ದು ಸಿಸಿ1ಪ್ಲಸ್, ಅಂದರೆ ಸಿ ಪ್ಲಸ್‌ಪ್ಲಸ್ ಕಂಪೈಲರಿನ ಒಳಭಾಗ, 'ಕಿಲ್ಡ್' ಎಂದು. ಕೋಡಿನಲ್ಲಿ ದೋಷವಿದ್ದರೆ ಕಡತದ ಹೆಸರು, ಸಾಲಿನ ಸಂಖ್ಯೆ ಬರುತ್ತಿತ್ತು. 'ಕಿಲ್ಡ್' ಎಂದರೆ ರಾಮ್ ಸಾಲದೆ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಅದನ್ನು ಕೊಂದಿದೆ. ಕರ್ನೆಲ್‌ನ ಸಂದೇಶ ತೋರಿಸುವ 'ಡಿಮೆಸ್ಗ್' ಕೊಟ್ಟಾಗ 'ಔಟ್ ಆಫ್ ಮೆಮೊರಿ' ಎಂಬ ಸಾಲು ಅದನ್ನೇ ಹೇಳಿತು. ಲ್ಯಾಪ್‌ಟಾಪಿಗಿದ್ದದ್ದು 4 ಜಿಬಿ. ಸುಮ್ಮನೆ 'ವಾಫ್' ಎಂದರೆ ಪ್ರೊಸೆಸರ್ ಎಷ್ಟು ಥ್ರೆಡ್ ತೋರಿಸುತ್ತದೋ ಅಷ್ಟು ಕಡತ ಒಟ್ಟಿಗೆ ಕಟ್ಟಲು ಹೊರಡುತ್ತದೆ, ಇಲ್ಲಿ ನಾಲ್ಕು. ಸಂಪಾದಕ ಕಿಟಕಿಯ ದೊಡ್ಡ ಕಡತಗಳಿಗೆ ಒಂದೊಂದಕ್ಕೂ ರಾಮ್ ಧಾರಾಳ ಬೇಕು. ಹಿಂದೆ ಬ್ರೌಸರ್ ಬೇರೆ ತೆರೆದಿತ್ತು.

ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಹಳೆಯ ಲ್ಯಾಪ್‌ಟಾಪಿಗೂ ರಾಮ್ ಸಿಗುತ್ತದೆ. ಆದರೆ ಅದು ಭಾನುವಾರ, ಅಂಗಡಿ ಮುಚ್ಚಿರುತ್ತದೆ. ಇದ್ದ ದಾರಿ ರಾಮ್ ಸಾಲದಾಗ ಡಿಸ್ಕಿನ ಜಾಗ ಬಳಸಿಕೊಳ್ಳುವ ಸ್ವಾಪ್ ಕಡತ: 4 ಜಿಬಿಯ ಒಂದು ಕಡತ ಮಾಡಿ, ಅನುಮತಿ 600ಕ್ಕೆ ಇಳಿಸಿ, 'ಎಂಕೆಸ್ವಾಪ್', ಆಮೇಲೆ 'ಸ್ವಾಪ್‌ಆನ್'. ಬ್ರೌಸರ್ ಮುಚ್ಚಿ, 'ವಾಫ್'ಗೆ 'ಮೈನಸ್ ಜೆ 2' ಸೇರಿಸಿ, ಎರಡೇ ಕಡತ ಒಟ್ಟಿಗೆ ಎಂದು ಮಿತಿ ಹಾಕಿದೆವು. ಸಿಟ್ಟಿನಲ್ಲಿ 'ಕ್ಲೀನ್' ಕೊಡಬಾರದು. ಆಗಲೇ ಸಿದ್ಧವಾದ ಕಡತಗಳನ್ನು ವಾಫ್ ಮತ್ತೆ ಮುಟ್ಟುವುದಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತದೆ. ಮುಗಿಯುವಾಗ ದೀಪ ಹಚ್ಚುವ ಹೊತ್ತು.

ಇನ್‌ಸ್ಟಾಲ್ ಮಾಡುವ ಮೊದಲೇ ಓಡಿಸಿ ನೋಡಬಹುದು. 'ಜಿಟಿಕೆ2 ಆರ್ಡರ್' ಫೋಲ್ಡರಿನೊಳಗೆ 'ಆರ್ಡೆವ್' ಎಂಬ ಸ್ಕ್ರಿಪ್ಟ್ ಇರುವುದು ಅದಕ್ಕೇ. ಅಲ್ಲಿ ತೆರೆದುಕೊಂಡರೆ 'ವಾಫ್ ಇನ್‌ಸ್ಟಾಲ್'. ಹೋಮ್ ಫೋಲ್ಡರಿಗೆ ಹಾಕುವುದರಿಂದ ಸುಡೋ, ಅಂದರೆ ಯಂತ್ರದ ಮೇಲ್ವಿಚಾರಕರ ಅಧಿಕಾರ, ಬೇಡ.

ತೆರೆಯಿತು, ಆದರೆ ಸದ್ದಿಲ್ಲ. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾ ಆಯ್ದಾಗ ಸಾಧನ ತೆರೆಯಲಾಗಲಿಲ್ಲ ಎಂದಿತು, ಯುಎಸ್‌ಬಿ ಆಡಿಯೊ ಪೆಟ್ಟಿಗೆಯನ್ನು ಡೆಸ್ಕ್‌ಟಾಪಿನ ಪಲ್ಸ್‌ಆಡಿಯೊ ಹಿಡಿದಿತ್ತು. ಸೌಂಡ್ ಸೆಟ್ಟಿಂಗಿನಲ್ಲಿ ಅದರ ಪ್ರೊಫೈಲ್ 'ಆಫ್' ಮಾಡಿದ ಮೇಲೆ ಬಿಟ್ಟಿತು. ಇನ್ನೊಂದು ಕೆಲಸ ರಿಯಲ್‌ಟೈಮ್ ಅನುಮತಿ, ಅಂದರೆ ಸದ್ದಿನ ಕೆಲಸಕ್ಕೆ ಯಂತ್ರದಲ್ಲಿ ಮೊದಲ ಸರದಿ. ಬಳಕೆದಾರರನ್ನು 'ಆಡಿಯೊ' ಗುಂಪಿಗೆ ಸೇರಿಸಿ, ಲಿಮಿಟ್ಸ್ ಕಡತದಲ್ಲಿ ಆ ಗುಂಪಿಗೆ 'ಆರ್‌ಟಿಪ್ರಿಯೊ 95', 'ಮೆಮ್‌ಲಾಕ್ ಅನ್‌ಲಿಮಿಟೆಡ್' ಎಂದು ಬರೆಯಬೇಕು. ಲಾಗ್ ಔಟ್ ಆಗಿ ಮತ್ತೆ ಬರದೆ ಇದು ಜಾರಿಯಾಗುವುದಿಲ್ಲ. 'ಯುಲಿಮಿಟ್ ಮೈನಸ್ ಆರ್' ಎಂದಾಗ 95 ಕಂಡರೆ ಆಯಿತು.

ಬಫರನ್ನು, ಅಂದರೆ ಯಂತ್ರ ಒಮ್ಮೆಗೆ ಎತ್ತಿಕೊಳ್ಳುವ ಸದ್ದಿನ ತುಣುಕನ್ನು, ಕೆಲಸ ನೋಡಿ ಇಡಬೇಕು. 48,000 ದರದಲ್ಲಿ 256 ಸ್ಯಾಂಪಲ್ ಎಂದರೆ 5.3 ಮಿಲಿಸೆಕೆಂಡು. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳುತ್ತಾ ಹಾಡುವಾಗ ಅದು ಬೇಕು. ಮಿಕ್ಸಿಂಗಿಗೆ ಆ ಅವಸರವಿಲ್ಲ. 1024, ಅಂದರೆ 21.3 ಮಿಲಿಸೆಕೆಂಡು ಇಟ್ಟರೆ ಹಳೆಯ ಯಂತ್ರ ಹಾಯಾಗಿ ಉಸಿರಾಡುತ್ತದೆ. ಚಿಕ್ಕ ಬಫರಿನಲ್ಲಿ ಯಂತ್ರ ಹಿಂದೆ ಬಿದ್ದರೆ ಚಿಟ್‌ಚಿಟ್ ಎಂಬ ಸದ್ದು ಸೇರುತ್ತದೆ, ಚೆಂಡೆಯ ಉರುಳಿಕೆಯ ನಡುವೆ ಅದು ಪೆಟ್ಟೋ ದೋಷವೋ ತಿಳಿಯುವುದೇ ಕಷ್ಟ.

ರಾತ್ರಿ ಒಂಬತ್ತರ ಸುಮಾರಿಗೆ ಎಂಟೂ ಟ್ರ್ಯಾಕ್ ಪರದೆಯ ಮೇಲೆ ಬಂದವು. ಪದ್ಯ ಮುಗಿದು ಅರ್ಥ ಶುರುವಾಗುವ ನಡುವೆ ಯಾರೋ ಮೈಕಿನ ಕಂಬ ಸರಿಸಿದ ಸದ್ದಿತ್ತು. ಎಂಟು ತುಂಡುಗಳನ್ನು ಗುಂಪು ಕಟ್ಟಿ, ಆ ಜಾಗ ತೆಗೆದು, ಉಳಿದದ್ದನ್ನು ಹಿಂದಕ್ಕೆ ಎಳೆದೆವು. ಹುಡುಗ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದ. ಪದ್ಯ ಮುಗಿಸುವ ಬಿಡಿತದ ಕೊನೆಯ ಪೆಟ್ಟು ಒಂದೇ ಆಗಿ ಬಿತ್ತು, ಅದರ ಹಿಂದೆಯೇ ಅರ್ಥಧಾರಿಗಳ ದನಿ.

"ಸರಿ ಉಂಟು ಅಣ್ಣ" ಎಂದು ಮುಂದಿನ ಗುರುತಿಗೆ ಹೋದ.