ಗುಂದ್ರಾದಾ ಯಾರ ಮಗಳು? ವಾರೆನ್ ವಂಶವೃಕ್ಷದಲ್ಲಿ ಒಂದು ಗೆರೆ ಅಳಿಸಿದ ಬಗೆ

ವಾರೆನ್ ಕುಟುಂಬದ ವಂಶವೃಕ್ಷದಲ್ಲಿ ಬಹಳ ಕಾಲದಿಂದ ಪ್ರಶ್ನಾರ್ಥಕ ಚಿಹ್ನೆ ಹೊತ್ತು ನಿಂತಿದ್ದ ಒಂದು ಗೆರೆಯನ್ನು ಕೊನೆಗೂ ಅಳಿಸಿದ್ದೇನೆ. ಸರ್ರೆಯ ಮೊದಲ ಅರ್ಲ್ ವಿಲಿಯಂ ದ ವಾರೆನ್‌ನ ಪತ್ನಿ ಗುಂದ್ರಾದಾಳನ್ನು, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ದೊರೆ ವಿಲಿಯಂನ ಮಗಳೆಂದು ತೋರಿಸುತ್ತಿದ್ದ ಗೆರೆ ಅದು.

ತೊಡಕಿನ ಮೂಲವಿರುವುದು ಈ ದಂಪತಿ 1077ರ ಸುಮಾರಿಗೆ ಸ್ಥಾಪಿಸಿದ ಇಂಗ್ಲೆಂಡಿನ ಲೂಯಿಸ್ ಮಠದ ದಾಖಲೆಗಳಲ್ಲಿ. ಅದರ ಸ್ಥಾಪನಾ ಪತ್ರವೆಂದು ಉಳಿದುಬಂದಿರುವ ಪಾಠ ಆ ದೊರೆಯ ಪತ್ನಿ ರಾಣಿ ಮಟಿಲ್ಡಾಳನ್ನು ಗುಂದ್ರಾದಾಳ ತಾಯಿ ಎನ್ನುತ್ತದೆ. ವಾಲ್ಟನ್ ಗ್ರಾಮದ ದಾನಪತ್ರದಲ್ಲಿ ದೊರೆಯೇ ಆಕೆಯನ್ನು ‘ನನ್ನ ಮಗಳು’ ಎಂದು ಕರೆದಂತಿದೆ. ಮೊದಲನೆಯದು ತೀರ ತಡವಾಗಿ ರೂಪುಗೊಂಡ ಪಾಠ. ಎರಡನೆಯದರಲ್ಲಿ ಆ ಮಾತು ಆಮೇಲಿನ ಸೇರ್ಪಡೆ ಎಂಬುದು ಪರಿಶೀಲಿಸಿದ ವಿದ್ವಾಂಸರ ತೀರ್ಮಾನ. ಅದನ್ನು ಕಣ್ಣಾರೆ ನೋಡಲೆಂದು ಹಣ ಕಟ್ಟಿ ತರಿಸಿದ ಪ್ರತಿ ಕಪ್ಪು-ಬಿಳುಪಿನಲ್ಲಿ ಬಂತು. ಶಾಯಿಯ ಬಣ್ಣ ಹೋಲಿಸಬೇಕೆಂದು ಅರ್ಜಿಯಲ್ಲೇ ಬರೆದಿದ್ದೆ. ಈಗ ಬಣ್ಣದ ಪ್ರತಿಗೆ ಮತ್ತೆ ಪೂರ್ತಿ ಶುಲ್ಕ ಕೇಳುತ್ತಿದ್ದಾರೆ. ಇದು ಅನ್ಯಾಯ.

ಇನ್ನೊಂದು ಕಡೆ, ಹನ್ನೆರಡನೆಯ ಶತಮಾನದ ಇತಿಹಾಸಕಾರ ಆರ್ಡೆರಿಕ್ ವಿಟಾಲಿಸ್ ಆಕೆಯನ್ನು ಫ್ಲಾಂಡರ್ಸಿನ ಘೆರ್ಬೋಡ್‌ನ ಸೋದರಿ ಎಂದು ನೇರವಾಗಿ ಹೇಳುತ್ತಾನೆ. ಅದೇ ಶತಮಾನದ ಮತ್ತೊಂದು ವೃತ್ತಾಂತ ಫ್ರೆಡೆರಿಕ್ ಎಂಬ ಸಹೋದರನನ್ನು ಹೆಸರಿಸುತ್ತದೆ. ಇಂಗ್ಲೆಂಡಿನ ಭೂಮಿ ಸಮೀಕ್ಷೆಯಾದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಫ್ರೆಡೆರಿಕ್‌ನದಾಗಿದ್ದ ನಾರ್ಫೋಕ್ ಭೂಮಿ ವಾರೆನ್‌ನ ಕೈಯಲ್ಲಿರುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಈಗ ಲೂಯಿಸ್ ಊರಿನ ಸೌತೋವರ್ ಚರ್ಚಿನಲ್ಲಿರುವ ಗುಂದ್ರಾದಾಳ ಕಪ್ಪು ಸಮಾಧಿಶಿಲೆ 1775ರಲ್ಲಿ ಇಸ್‌ಫೀಲ್ಡ್ ಚರ್ಚಿನಲ್ಲಿ, ಬೇರೊಬ್ಬರ ಗೋರಿಯ ಮೇಲೆ ಪತ್ತೆಯಾಯಿತು. ಅದರ ಲ್ಯಾಟಿನ್ ಪದ್ಯ ಆಕೆಯನ್ನು ಡ್ಯೂಕರ (ರಾಜನಿಗಿಂತ ಕೆಳಗಿನ ಪದವಿಯವರ) ಕುಲದ ಕುಡಿ ಎಂದು ಹೊಗಳುತ್ತದೆ. ಆಕೆ ರಾಜಪುತ್ರಿಯೇ ಆಗಿದ್ದರೆ ಹೊಗಳಲೆಂದೇ ಕುಳಿತ ಕವಿ ಡ್ಯೂಕರಲ್ಲಿಗೇ ನಿಲ್ಲುತ್ತಿದ್ದನೇ?

ನನ್ನ ಮಟ್ಟಿಗೆ ಪ್ರಶ್ನೆಯನ್ನು ಮುಗಿಸಿದ್ದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್‌ನ ಪತ್ರ. ದೊರೆ ವಿಲಿಯಂನ ಮಗ ಮೊದಲನೆಯ ಹೆನ್ರಿ ದೊರೆ ತನ್ನ ಒಬ್ಬ ಮಗಳನ್ನು ಗುಂದ್ರಾದಾಳ ಮಗ, ಎರಡನೆಯ ಅರ್ಲ್‌ಗೆ ಕೊಡಲು ಹೊರಟಾಗ, ಒಂದು ಕಡೆಯಿಂದ ನಾಲ್ಕನೆಯ ಮತ್ತು ಇನ್ನೊಂದು ಕಡೆಯಿಂದ ಆರನೆಯ ತಲೆಮಾರಿನ ರಕ್ತಸಂಬಂಧವಿದೆಯೆಂದು ಅನ್ಸೆಲ್ಮ್ ಆ ಮದುವೆಗೆ ಅಡ್ಡಿ ಮಾಡಿದ. ಗುಂದ್ರಾದಾ ಹೆನ್ರಿಯ ಅಕ್ಕನಾಗಿದ್ದರೆ ವರನು ವಧುವಿಗೆ ಸೋದರತ್ತೆಯ ಮಗ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅದು ಬಯಸಿ ಮಾಡುವ ಸಂಬಂಧ. ಆದರೆ ಏಳು ತಲೆಮಾರಿನವರೆಗೆ ಮದುವೆಯನ್ನು ನಿಷೇಧಿಸಿದ್ದ ಅಂದಿನ ಚರ್ಚಿಗೆ ಅದಕ್ಕಿಂತ ದೊಡ್ಡ ಅಡ್ಡಿ ಬೇಕಿರಲಿಲ್ಲ. ಎರಡನೆಯ ತಲೆಮಾರಿನ ನಂಟು ಕಣ್ಣೆದುರಿಗಿರುವಾಗ ಅನ್ಸೆಲ್ಮ್‌ನಂಥವನು ನಾಲ್ಕು, ಆರು ಎಂದು ದೂರದ ಎಣಿಕೆ ಹಿಡಿಯುತ್ತಿದ್ದನೆಂದು ನಂಬಲು ನನಗೆ ಸಾಧ್ಯವಿಲ್ಲ.

ಆ ಎಣಿಕೆಯೇ ಮುಂದಿನ ಕೆಲಸವನ್ನೂ ಕೊಟ್ಟಿದೆ. ದೊರೆ ವಿಲಿಯಂನ ಮುತ್ತಜ್ಜಿ, ನಾರ್ಮಂಡಿಯ ಡಚೆಸ್ (ಡ್ಯೂಕನ ಪತ್ನಿ) ಗುನ್ನೋರಳ ತಂದೆತಾಯಿಯರಿಂದ ಎಣಿಸಿದರೆ ಹೆನ್ರಿಯ ಮಗಳು ಆರನೆಯವಳು. ಮೊದಲ ಅರ್ಲ್‌ನ ತಾಯಿ ಗುನ್ನೋರಳ ಸೋದರಿಯ ಮಗಳಾಗಿದ್ದರೆ ಎರಡನೆಯ ಅರ್ಲ್ ಸರಿಯಾಗಿ ನಾಲ್ಕನೆಯವನಾಗುತ್ತಾನೆ. ವಾರೆನ್ನರಿಗೆ ಗುನ್ನೋರಳ ಸೋದರಿಯರ ಸಂತತಿಯೊಡನೆ ನಂಟಿತ್ತೆಂದು ಹನ್ನೆರಡನೆಯ ಶತಮಾನದ ಇತಿಹಾಸಕಾರ ರಾಬರ್ಟ್ ಆಫ್ ಟೊರಿನ್ಯಿ ಬರೆದಿದ್ದಾನೆ, ಆದರೆ ಅವನ ತಲೆಮಾರುಗಳು ಒಂದರೊಳಗೊಂದು ಬೆರೆತುಹೋಗಿವೆ. ರೂಆನ್‌ನ ಹೋಲಿ ಟ್ರಿನಿಟಿ ಮಠದ ದಾನಪತ್ರಗಳಲ್ಲಿ, ಮೊದಲ ಅರ್ಲ್‌ನ ತಂದೆಯೆಂದು ಎಣಿಸುವ ರೊಡಲ್ಫ್ ದ ವಾರೆನ್‌ನ ಪತ್ನಿ ಒಮ್ಮೆ ಬಿಯಾಟ್ರಿಸ್, ಇನ್ನೊಮ್ಮೆ ಎಮ್ಮಾ. ಒಬ್ಬ ರೊಡಲ್ಫ್‌ನಿಗೆ ಇಬ್ಬರು ಹೆಂಡತಿಯರೋ, ಅದೇ ಹೆಸರಿನ ತಂದೆ-ಮಗನೋ ಎಂಬುದನ್ನು ಮೊದಲು ಬಿಡಿಸಬೇಕು. ಸದ್ಯಕ್ಕೆ ಗುಂದ್ರಾದಾಳ ಮೇಲಿನ ಚೌಕವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಘೆರ್ಬೋಡ್ ಮತ್ತು ಫ್ರೆಡೆರಿಕ್‌ರನ್ನು ಸಹೋದರರಾಗಿ ಸೇರಿಸಿದ್ದೇನೆ.