1956ರ ಮೂರು ನೆರೆಮನೆಗಳು

ಅಮ್ಮನ ಟ್ರಂಕಿನಲ್ಲಿ ಸೇಡಂ ಕಡೆಯ ನಮ್ಮ ಹೊಲದ ಹಳೆಯ ಕಾಗದವೊಂದಿದೆ. ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಗಳುದ್ದಕ್ಕೂ ಹರಿದು, ಹಿಂಬದಿಗೆ ತೆಳುವಾದ ಬಟ್ಟೆ ಅಂಟಿಸಿಕೊಂಡು ಉಳಿದಿರುವ ಆ ಕಾಗದ ಪೂರ್ತಿಯಾಗಿ ಉರ್ದುವಿನಲ್ಲಿದೆ. ಕಳೆದ ಅಕ್ಟೋಬರಿನಲ್ಲಿ ಅದನ್ನು ಓದಿಸಿಕೊಳ್ಳಬೇಕಾದ ಸಂದರ್ಭ ಬಂದಾಗ ನಾನೂ ಅಮ್ಮನೂ ಶಿವಾಜಿನಗರದ ಹಿರಿಯರೊಬ್ಬರ ಮನೆಗೆ ಹೋದೆವು. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ಬಂಡಿದಾರಿ, ವರ್ಷ ಫಸಲಿ 1351. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ಅವರೇ ವಿವರಿಸಿದರು. ಅಂದರೆ 1941ರ ಸುಮಾರು, ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲ.

ಆ ಕಾಗದವನ್ನು ಬರೆಸಿದ ನಮ್ಮ ಮುತ್ಯಾನ ತಂದೆಗೆ ಉರ್ದು ಓದಲು ಬರುತ್ತಿರಲಿಲ್ಲ. ಆ ಕೊರಗಿನಿಂದಲೇ ಅವರು ಮಗನನ್ನು ಉರ್ದು ಶಾಲೆಗೆ ಹಾಕಿದರು. ಮುತ್ಯಾ ಆ ಭಾಷೆಯನ್ನು ಪ್ರೀತಿಯಿಂದ ಕಲಿತು, ಮುಪ್ಪಿನಲ್ಲೂ ಶಾಯರಿಗಳನ್ನು ಗುನುಗುತ್ತಿದ್ದರು. ಆದರೂ ಒಂದು ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು: "ಕಾಗದ ಏನ್ ಹೇಳ್ತದ ಅಂತ ಇನ್ನೊಬ್ಬರಿಗಿ ಕೇಳ್ಬೇಕಂದ್ರ, ಹೊಲ ನಮ್ದು ಹ್ಯಾಂಗ್ ಆಯ್ತು?"

ನಮ್ಮ ಉಪಖಂಡದ ಕಳೆದ ಶತಮಾನದ ಇತಿಹಾಸವನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಭಾರತ, ಪಾಕಿಸ್ತಾನ, ಅಂದು ಸಿಲೋನ್ ಎನಿಸಿಕೊಂಡಿದ್ದ ಶ್ರೀಲಂಕಾ, ಈ ಮೂರೂ ದೇಶಗಳು ಆರು ತಿಂಗಳ ಅಂತರದಲ್ಲಿ ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆಯಾದವು. ಮೂರಕ್ಕೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಚೇರಿ, ನ್ಯಾಯಾಲಯ, ಅಂಚೆ ವ್ಯವಸ್ಥೆಗಳೇ ಬಳುವಳಿಯಾಗಿ ಬಂದವು. ಆ ಇಂಗ್ಲಿಷಿನ ಜಾಗಕ್ಕೆ ಯಾವ ಭಾಷೆ ಬರಬೇಕೆಂಬ ಪ್ರಶ್ನೆಯೂ ಮೂರಕ್ಕೂ ಒಂದೇ. ಅಚ್ಚರಿಯೆಂದರೆ, 1956ನೆಯ ಇಸವಿಯೊಂದರಲ್ಲಿಯೇ ಮೂರೂ ದೇಶಗಳು ಈ ಪ್ರಶ್ನೆಗೆ ಒಂದೊಂದು ಉತ್ತರ ಬರೆದವು.

ಪಾಕಿಸ್ತಾನದ ಕಥೆ ಅಂಚೆ ಕಚೇರಿಯ ಕಿಟಕಿಯಿಂದಲೇ ಆರಂಭವಾಗುತ್ತದೆ. ದೇಶದ ಅರ್ಧಕ್ಕಿಂತ ಹೆಚ್ಚು ಜನರ ತಾಯ್ನುಡಿ ಬಂಗಾಳಿಯಾಗಿದ್ದರೂ ಹೊಸ ಸರ್ಕಾರದ ಅಂಚೆಚೀಟಿ, ಮನಿಯಾರ್ಡರ್ ಫಾರಂಗಳಲ್ಲಿ ಆ ಭಾಷೆಗೆ ಜಾಗವಿರಲಿಲ್ಲ. 1948ರ ಫೆಬ್ರವರಿಯಲ್ಲಿ ಪೂರ್ವ ಬಂಗಾಳದ ಪ್ರತಿನಿಧಿ ಧೀರೇಂದ್ರನಾಥ ದತ್ತ ಅವರು ಸಂವಿಧಾನ ಸಭೆಯ ಕಲಾಪದಲ್ಲಿ ಬಂಗಾಳಿಯನ್ನೂ ಬಳಸಲು ಅವಕಾಶವಿರಲಿ ಎಂದು ಕೇಳಿದರು, ಸಭೆ ಒಪ್ಪಲಿಲ್ಲ. ಮರುತಿಂಗಳು ಢಾಕಾದಲ್ಲಿ ಮಾತನಾಡಿದ ಜಿನ್ನಾ, ರಾಷ್ಟ್ರಭಾಷೆ ಉರ್ದು ಮಾತ್ರ ಎಂದು ಖಡಾಖಂಡಿತವಾಗಿ ಸಾರಿದರು. 1952ರ ಫೆಬ್ರವರಿ 21ರಂದು ಅದೇ ನಗರದಲ್ಲಿ ಭಾಷೆಗಾಗಿ ಬೀದಿಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೊನೆಗೆ 1956ರ ಮಾರ್ಚ್ 23ರಂದು ಜಾರಿಗೆ ಬಂದ ಸಂವಿಧಾನ ಉರ್ದು ಮತ್ತು ಬಂಗಾಳಿ ಎರಡನ್ನೂ ರಾಷ್ಟ್ರಭಾಷೆಗಳೆಂದು ಒಪ್ಪಿಕೊಂಡಿತು. ಆ ಸಂವಿಧಾನಕ್ಕೆ ಆಯುಷ್ಯ ಮಾತ್ರ ಮೂರು ವರ್ಷವೂ ಇರಲಿಲ್ಲ. 1958ರ ಅಕ್ಟೋಬರಿನಲ್ಲಿ ಸೇನಾ ಆಡಳಿತ ಬಂದು ಅದನ್ನು ರದ್ದುಪಡಿಸಿತು. 1971ರಲ್ಲಿ ಬಾಂಗ್ಲಾದೇಶ ಬೇರೆಯಾಯಿತು. ಆ ವರ್ಷದ ಮಾರ್ಚ್ ತಿಂಗಳ ಕೊನೆಯಲ್ಲಿ ಪಾಕಿಸ್ತಾನಿ ಸೇನೆ ವಯೋವೃದ್ಧರಾಗಿದ್ದ ದತ್ತ ಅವರನ್ನು ಮನೆಯಿಂದ ಎಳೆದೊಯ್ದು ಕೊಂದಿತು. ಭಾಷೆಯೊಂದೇ ದೇಶವನ್ನು ಒಡೆಯಿತೆಂದು ನಾನು ಹೇಳಲಾರೆ. ಸೆಣಬಿನ ಹಣ ಎಲ್ಲಿಗೆ ಹೋಗುತ್ತಿತ್ತು, ಸೇನೆಯಲ್ಲಿ ಯಾರಿದ್ದರು, ಚುನಾವಣೆಯಲ್ಲಿ ಗೆದ್ದವರಿಗೆ ಅಧಿಕಾರ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಗಳೂ ಅಷ್ಟೇ ದೊಡ್ಡವು. ಆದರೆ ತಮ್ಮನ್ನು ಲೆಕ್ಕಕ್ಕೆ ಇಟ್ಟಿಲ್ಲವೆಂಬ ಅರಿವು ಬಂಗಾಳಿಗಳಿಗೆ ಮೊದಲು ಮೂಡಿದ್ದು ಭಾಷೆಯ ವಿಷಯದಲ್ಲಿಯೇ.

ಸಿಲೋನಿನಲ್ಲಿ ನಡೆದದ್ದು ನನ್ನನ್ನು ಇನ್ನೂ ಹೆಚ್ಚು ನೋಯಿಸುತ್ತದೆ, ಏಕೆಂದರೆ ಅಲ್ಲಿ ಸರಿಯಾದ ದಾರಿ ಮೊದಲೇ ಕಂಡಿತ್ತು. 1944ರಲ್ಲಿ ಜೆ. ಆರ್. ಜಯವರ್ಧನೆ ಇಂಗ್ಲಿಷಿನ ಬದಲು ಸಿಂಹಳ ಬರಬೇಕೆಂಬ ನಿರ್ಣಯ ತಂದಾಗ, ಅದಕ್ಕೆ ತಮಿಳನ್ನೂ ಸೇರಿಸಿ ತಿದ್ದುಪಡಿ ಮಾಡಿ, ಎರಡೂ ಭಾಷೆಗಳೆಂದೇ ಅಲ್ಲಿನ ಶಾಸನಸಭೆ ಅಂಗೀಕರಿಸಿತ್ತು. 1956ರ ಚುನಾವಣೆಯಲ್ಲಿ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಿಕೆ ಸಿಂಹಳ ಮಾತ್ರ ಎಂಬ ಘೋಷಣೆಯೊಂದಿಗೆ ಗೆದ್ದು ಬಂದರು. ಜೂನ್ 5ರಂದು ಮಸೂದೆ ಮಂಡನೆಯಾದ ದಿನ ಸಂಸತ್ತಿನ ಬಳಿಯ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕುಳಿತ ತಮಿಳು ನಾಯಕರನ್ನು ಗುಂಪೊಂದು ಥಳಿಸಿತು. ಎಡಪಕ್ಷದ ಸಿಂಹಳ ನಾಯಕ ಕಾಲ್ವಿನ್ ಆರ್. ಡಿ ಸಿಲ್ವಾ ಅವರು, ಎರಡು ಭಾಷೆಗಳಾದರೆ ಒಂದೇ ದೇಶ ಉಳಿಯುತ್ತದೆ, ಒಂದೇ ಭಾಷೆಯಾದರೆ ಎರಡು ದೇಶಗಳಾಗುತ್ತವೆ ಎಂಬರ್ಥದಲ್ಲಿ ನೀಡಿದ ಎಚ್ಚರಿಕೆಯನ್ನು ಸದನ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಬಂಡಾರನಾಯಿಕೆಯವರೇ ತಮಿಳು ನಾಯಕ ಚೆಲ್ವನಾಯಗಂ ಅವರೊಡನೆ ರಾಜಿ ಒಪ್ಪಂದ ಮಾಡಿಕೊಂಡು, ವಿರೋಧಕ್ಕೆ ಮಣಿದು 1958ರಲ್ಲಿ ಅದನ್ನು ಕೈಬಿಟ್ಟರು.

ಆ ಕಾನೂನು ಒಬ್ಬ ಮನುಷ್ಯನ ಬದುಕಿನಲ್ಲಿ ಹೇಗೆ ಇಳಿಯಿತೆಂಬುದಕ್ಕೆ ಕೋಡೀಶ್ವರನ್ ಮೊಕದ್ದಮೆ ಸಾಕ್ಷಿ. ತಮಿಳನಾಗಿದ್ದ ಆ ಸರ್ಕಾರಿ ಗುಮಾಸ್ತ ಸಿಂಹಳ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು 1962ರಲ್ಲಿ ಅವರ ವಾರ್ಷಿಕ ವೇತನ ಬಡ್ತಿಯನ್ನು (ಇನ್‌ಕ್ರಿಮೆಂಟ್) ತಡೆಹಿಡಿಯಲಾಯಿತು. ಅವರು ಸರ್ಕಾರದ ಮೇಲೆಯೇ ದಾವೆ ಹೂಡಿ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದರು. ಪ್ರಕರಣ 1969ರಲ್ಲಿ ಅಂದಿನ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಸಂಬಳಕ್ಕಾಗಿ ನೌಕರ ಸರ್ಕಾರದ ಮೇಲೆ ದಾವೆ ಹೂಡಬಹುದೆಂದು ಅಲ್ಲಿ ತೀರ್ಪಾಯಿತೇ ಹೊರತು, ಭಾಷಾ ಕಾನೂನು ಸಂವಿಧಾನಬದ್ಧವೇ ಎಂಬ ಮೂಲ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಒಂದು ಇನ್‌ಕ್ರಿಮೆಂಟಿನ ಕಥೆಯೆಂದು ಇದನ್ನು ಹಗುರವಾಗಿ ಕಾಣಬಾರದು. ತಮಿಳರೇ ಹೆಚ್ಚಾಗಿರುವ ಒಣಭೂಮಿಯ ಜಾಫ್ನಾದಲ್ಲಿ ಸರ್ಕಾರಿ ನೌಕರಿಯೇ ಎಷ್ಟೋ ಮನೆಗಳ ಒಲೆ ಉರಿಸುತ್ತಿತ್ತು. ತಮಿಳು ಕೂಡ ಅಧಿಕೃತ ಭಾಷೆಯೆಂದು ಶ್ರೀಲಂಕಾದ ಸಂವಿಧಾನ ಹೇಳಿದ್ದು 1987ರಲ್ಲಿ, ಅಂತರ್ಯುದ್ಧ ಆರಂಭವಾಗಿ ನಾಲ್ಕು ವರ್ಷ ಕಳೆದ ಮೇಲೆ.

ಇನ್ನು ನಮ್ಮ ಮನೆ. 1920ರ ನಾಗಪುರ ಅಧಿವೇಶನದಿಂದಲೇ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಕಟ್ಟಿಕೊಂಡಿತ್ತು. ಆದರೂ ಸ್ವಾತಂತ್ರ್ಯ ಬಂದ ಕೂಡಲೇ ಅದೇ ನಾಯಕರು ಹಿಂಜರಿದರು. ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ ಭಾಷೆಯ ಗೆರೆ ಎಳೆದರೆ ಇನ್ನಷ್ಟು ಒಡಕಾದೀತೆಂಬ ಅವರ ಭಯವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ; ಆದರೆ ಆ ಭಯದ ಬೆಲೆಯನ್ನು ತೆತ್ತವರು ಬೇರೆಯವರು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣ ಬಿಟ್ಟ ಮೇಲೆ ಆಂಧ್ರ ರಾಜ್ಯ ಸಿಕ್ಕಿತು. ಮರುವರ್ಷ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಅನ್ನ ಬಿಟ್ಟು ಕುಳಿತರು. ರಾಜ್ಯಗಳ ಪುನರ್‌ವಿಂಗಡಣೆಗೆಂದು ನೇಮಕವಾಗಿದ್ದ ಫಜಲ್ ಅಲಿ ಆಯೋಗದ ವರದಿ ಬಂದ ಮೇಲೂ ಹಳೆಯ ಮೈಸೂರಿನ ಹಲವರಿಗೆ ಬಡ ಜಿಲ್ಲೆಗಳನ್ನು ಸೇರಿಸಿಕೊಳ್ಳುವ ಮನಸ್ಸಿರಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ಕಲಬುರಗಿ, ರಾಯಚೂರು, ಬೀದರ್‌ಗಳು ಬೆಂಗಳೂರಿನತ್ತ ಮುಖ ಮಾಡಿದವು. ಮುತ್ಯಾನ ಊರಿಗೆ ಬರುವ ಸರ್ಕಾರಿ ಕಾಗದಗಳ ಲಿಪಿ ಮೆಲ್ಲಮೆಲ್ಲನೆ ಬದಲಾಯಿತು.

ಮೂರು ದಾರಿಗಳು ಏಕೆ ಕವಲೊಡೆದವೆಂದು ಯೋಚಿಸಿದರೆ ನನಗೆ ಮೊದಲು ಕಾಣುವುದು ತಲೆಯೆಣಿಕೆ. ಸಿಲೋನಿನಲ್ಲಿ ಬಹುಸಂಖ್ಯಾತರು ತಮ್ಮ ನುಡಿಯನ್ನು ಎಲ್ಲರ ಮೇಲೆ ಹೇರಿದರು. ಪಾಕಿಸ್ತಾನದಲ್ಲಿ ಬಹುಸಂಖ್ಯಾತರ ನುಡಿಗೇ ಬಾಗಿಲು ಮುಚ್ಚಿತ್ತು. ಭಾರತದಲ್ಲಿ ಅರ್ಧ ದಾಟಿದ ಭಾಷೆಯೇ ಇರಲಿಲ್ಲವಾದ್ದರಿಂದ ಕೂಡಿ ಬಾಳುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಆದ್ದರಿಂದ ನಾವು ನೆರೆಯವರಿಗಿಂತ ಉದಾರಿಗಳೆಂದು ಬೀಗುವುದು ನನಗೆ ಸರಿ ಕಾಣುವುದಿಲ್ಲ. 1965ರಲ್ಲಿ ಸಂವಿಧಾನ ಇಂಗ್ಲಿಷಿಗೆ ಕೊಟ್ಟಿದ್ದ ಹದಿನೈದು ವರ್ಷದ ಗಡುವು ಮುಗಿದು ಹಿಂದಿಯೊಂದೇ ಉಳಿಯುವುದೆಂಬ ಆತಂಕ ಹುಟ್ಟಿದಾಗ ಮದ್ರಾಸಿನಲ್ಲಿ ಜೀವಗಳು ಹೋದವು. ನಮ್ಮದೇ ರಾಜ್ಯದ ತುಳು, ಕೊಡವ ಭಾಷೆಗಳು ಇಂದಿಗೂ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೆಯ ಪರಿಚ್ಛೇದದ ಹೊರಗೇ ನಿಂತಿವೆ. ಕೈಯಲ್ಲಿ ಅಧಿಕಾರವಿರುವ ಭಾಷೆ ಪಕ್ಕದ ಭಾಷೆಗೆ ಎಷ್ಟು ಜಾಗ ಬಿಡುತ್ತದೆಂಬ ಪ್ರಶ್ನೆ ಕನ್ನಡಿಗರಾದ ನಮಗೂ ಉಂಟು.

ಶಿವಾಜಿನಗರಕ್ಕೆ ಹೋಗಿ ಬಂದ ವಾರವೇ ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಅಜ್ಜಿಯೊಬ್ಬರು ಹಣ ಕಟ್ಟುವ ಚಲನ್ ಹಿಡಿದು, "ಸ್ವಲ್ಪ ಬರ್ದು ಕೊಡಪ್ಪಾ, ಇದ್ರಲ್ಲಿ ಕನ್ನಡ ಇಲ್ಲ" ಎಂದರು. ಅವರಿಗೆ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಖಾತೆ ಸಂಖ್ಯೆಯನ್ನೂ ಹೆಸರನ್ನೂ ತಾವೇ ಒಂದು ಚೀಟಿಯಲ್ಲಿ ದುಂಡಗಿನ ಕನ್ನಡದಲ್ಲಿ ಬರೆದು ತಂದಿದ್ದರು. ನಾನು ಚಲನ್ ತುಂಬಿದೆ. ಎಷ್ಟು ಮೊತ್ತ ಬರೆದೆನೆಂದು ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಕನ್ನಡದ ಚಲನ್ ಇಡಬೇಕೆಂದು ಶಾಖೆಗೆ ಅಂದೇ ಪತ್ರ ಬರೆದು ಕೊಟ್ಟು ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.